ಬಳೆ ಪೆಟ್ಟಿಗೆಯಲ್ಲಿ ಬಂದ ವ್ಯಾಕರಣ

ಕುವೈತಿಗೆ ಹೋಗಿ ಬಂದವರು ಸಮುದ್ರದ ದಂಡೆಯ ಗೋಪುರಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ನನ್ನ ಬಳಿಯೂ ಒಂದೇ ಒಂದು ಫೋಟೋ ಇದೆ. ಅದರಲ್ಲಿ ನಾನು ಕಸದ ಡ್ರಮ್ಮಿನೊಳಗೆ ಭುಜದ ತನಕ ಕೈ ಇಳಿಬಿಟ್ಟು ನಿಂತಿದ್ದೇನೆ. ಮೂಗಿನ ಮೇಲೆ ಕರಿ ಎಣ್ಣೆ. ತೆಗೆದವನು ನಮ್ಮ ಮಾಮಾ, ಅಂದರೆ ಅಕ್ಕನ ಗಂಡ. ಹಿಂಬದಿಯಲ್ಲಿ ‘ಹೆಂಡತಿಯ ತಮ್ಮನ ಕುವೈತ್ ದರ್ಶನ’ ಎಂದು ಬರೆದು ಕಳಿಸಿದ್ದಾನೆ. ಊರಲ್ಲಿ ಯಾರಾದರೂ ಕೇಳಿದರೆ ಇದನ್ನೇ ತೋರಿಸುತ್ತೇನೆ. ಆಮೇಲೆ ಅವರು ಏನೂ ಕೇಳುವುದಿಲ್ಲ.

ಹೊರಡುವ ಮೊದಲು, ಧಾರವಾಡ

ನಮ್ಮದು ಬುಕ್ ಬೈಂಡಿಂಗ್ ಅಂಗಡಿ. ಅಪ್ಪ ಕಾಲೇಜಿನ ಲೈಬ್ರರಿಗಳ ಹಳೆಯ ಪುಸ್ತಕ ಹೊಲಿಯುತ್ತಾನೆ. ನಾನು ಶಾಲೆ ಮಕ್ಕಳ ನೋಟ್‌ಬುಕ್ ಹೊಲಿಯುತ್ತೇನೆ, ಮತ್ತು ಅಪ್ಪನಿಗಿಂತ ಚೆನ್ನಾಗಿ ಹೊಲಿಯುತ್ತೇನೆಂದು ಎಲ್ಲರಿಗೂ ಹೇಳುತ್ತೇನೆ. ಹೀಗೆ ಹೇಳಿದ್ದನ್ನು ಕುವೈತಿನಲ್ಲಿರುವ ಅಕ್ಕ ನಂಬಿದಳು. ನಂಬಿದ್ದಷ್ಟೇ ಅಲ್ಲ, ತನ್ನ ಮನೆಯ ಕೆಳಗಿನ ಮಹಡಿಯ ಮಲಯಾಳಿ ಮೇಷ್ಟ್ರಿಗೂ ಹೇಳಿದಳು. ಆ ಮೇಷ್ಟ್ರು, ಎಲ್ಲರೂ ಅವರನ್ನು ಮಾಷ್ ಅನ್ನುತ್ತಾರೆ, ತಮ್ಮ ಮನೆಯ ಒಂದು ಹಳೆಯ ಪುಸ್ತಕವನ್ನು ರಜೆಗೆ ಬಂದ ಮಾಮಾನ ಕೈಯಲ್ಲಿ ಕಳಿಸಿಕೊಟ್ಟರು. ಹೊಲಿಗೆಯ ದಾರ ಕೊಳೆತಿತ್ತು. ಹಾಳೆಗಳು ಒಂದೊಂದಾಗಿ ಉದುರುತ್ತಿದ್ದವು.

ಅದೊಂದು ಮಲಯಾಳ ಭಾಷೆಯ ವ್ಯಾಕರಣ. ಸುಮಾರು ನೂರೈವತ್ತು ವರ್ಷದ ಹಿಂದೆ ಪರದೇಶದಿಂದ ಬಂದ ಪಾದ್ರಿಯೊಬ್ಬರು ಮಲಬಾರಿನಲ್ಲಿ ಕೂತು, ಜನ ಆಡುವುದನ್ನು ಕೇಳಿ, ಹಳೆಯ ಹಾಡು ಪತ್ರಗಳನ್ನೆಲ್ಲ ಜಾಲಾಡಿ ಬರೆದದ್ದು ಎಂದು ಮಾಮಾ ಹೇಳಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ಕಾಗದ ಮಾತ್ರ ತಿಳಿಯಿತು. ಎಂಥ ಕಾಗದ ಅಂತೀರಿ! ಹಳದಿಯಾಗಿದ್ದರೂ ಮಡಚಿದರೆ ಮುರಿಯುತ್ತಿರಲಿಲ್ಲ.

ನಾಲ್ಕು ತಿಂಗಳು ಅದನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡಿದೆ. ಅಷ್ಟರಲ್ಲಿ ಅಕ್ಕ ನನಗೊಂದು ವಿಸಿಟ್ ವೀಸಾ ಮಾಡಿಸಿದಳು, ಹನ್ನೆರಡು ದಿನ ಬಂದು ಹೋಗು, ಪುಸ್ತಕ ನೀನೇ ತಗೊಂಡು ಬಾ ಅಂದಳು. ಹೊರಡಲು ಎರಡು ದಿನ ಇರುವಾಗ ಕೆಲಸಕ್ಕೆ ಕೂತೆ. ಅಪ್ಪ ಮದುವೆಗೆಂದು ಗದಗಿಗೆ ಹೋಗಿದ್ದ. ಹೊಲಿದೆ, ಚರ್ಮದ ಬೆನ್ನು ಕಟ್ಟಿದೆ. ಹಾಳೆಗಳ ಹೊರ ಅಂಚನ್ನು ಹುಳ ಕೊರೆದು ಜಾಲರಿ ಮಾಡಿತ್ತು. ಪುಸ್ತಕಕ್ಕೆ ಕ್ಷೌರ ಮಾಡೋಣವೆಂದು ಕಟಿಂಗ್ ಮಷಿನ್ನಿಗೆ ಕೊಟ್ಟು, ಹೆಬ್ಬೆರಳಿನ ಉಗುರಿನಷ್ಟು ಅಗಲ ಒಂದೇ ಏಟಿಗೆ ಇಳಿಸಿಬಿಟ್ಟೆ. ಅಂಚಿನಲ್ಲಿ ಪೆನ್ಸಿಲ್ ಗೀಚು ಇದ್ದದ್ದು ಕಂಡಿತ್ತು. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಓದಲು ಬಾರದ ಲಿಪಿಯಲ್ಲಿ ಮಸುಕಾದ ಪೆನ್ಸಿಲ್ ಕಂಡರೆ ಯಾವುದೋ ಮಗು ಗೀಚಿದ್ದು ಅನಿಸುತ್ತದೆ.

ಮಷಿನ್ನಿನ ಕೆಳಗೆ ಒಂದು ಗೋಣಿಚೀಲ ಇರುತ್ತದೆ. ಕತ್ತರಿಸಿದ ಕಾಗದದ ಎಳೆಗಳು ಅದರಲ್ಲಿ ಬೀಳುತ್ತವೆ. ವಾರಕ್ಕೊಮ್ಮೆ ಬಳೆಗಾರರು ಬಂದು ಒಯ್ಯುತ್ತಾರೆ, ಗಾಜಿನ ಬಳೆ ಒಡೆಯದಂತೆ ನಡುವೆ ತುರುಕಲು ಅದಕ್ಕಿಂತ ಮೆತ್ತನೆಯದು ಇಲ್ಲ. ಅಕ್ಕ ಮೂರು ಡಬ್ಬಿ ಹಸಿರು ಬಳೆ ಕೇಳಿದ್ದಳು. ನಾನು ಬಳೆಗಾರನ ಮನೆತನದವನಂತೆ ಗೋಣಿಗೆ ಕೈ ಹಾಕಿ, ಮೇಲೆ ಬಿದ್ದಿದ್ದ ಎಳೆಗಳನ್ನು ಬಾಚಿ ಬಾಚಿ ಮೂರೂ ಡಬ್ಬಿಗೂ ಅವನ್ನಿಟ್ಟ ಪೆಟ್ಟಿಗೆಗೂ ತುಂಬಿದೆ.

ಮುಂದೆ ಓದುವಾಗ ಈ ಗೋಣಿಚೀಲ ನೆನಪಿರಲಿ.

ವಿಮಾನ ನಿಲ್ದಾಣ

ಕುವೈತಿನ ಕಸ್ಟಮ್ಸಿನಲ್ಲಿ ನನ್ನ ಪೆಟ್ಟಿಗೆ ತೆಗೆಸಿದರು. ಬಿಳಿ ಬಟ್ಟೆಯ ಅಧಿಕಾರಿ ಒಳಗೆ ಕೈ ಹಾಕಿದರು, ಮೊಣಕೈ ತನಕ ಹೋಯಿತು, ಬರೀ ಕಾಗದದ ಎಳೆ. ಒಂದು ಹಿಡಿ ಎತ್ತಿ ನನ್ನ ಮೂಗಿನ ಮುಂದೆ ಹಿಡಿದು, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ವೇಸ್ಟ್ ಸರ್,” ಅಂದೆ.

“ಯೂ ಬ್ರಿಂಗ್ ವೇಸ್ಟ್ ಟು ಕುವೈತ್?”

ಹಿಂದಿನ ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ಒಂದು ಬಳೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ, ಮತ್ತೆ ಎಳೆಗಳ ನಡುವೆ ಹುಷಾರಾಗಿ ಮಲಗಿಸಿ, “ಯಲ್ಲಾ” ಎಂದು ಕೈಬೀಸಿದರು. ವೇಸ್ಟ್ ಅಂದೆನಲ್ಲ, ಆ ಒಂದು ಪದ ಆಮೇಲೆ ಎಷ್ಟೋ ರಾತ್ರಿ ನನ್ನ ಬಾಯಲ್ಲಿ ಕಹಿಯಾಗಿ ಉಳಿಯಿತು.

ಖೈತಾನ್, ಎರಡನೇ ಮಹಡಿ

ಖೈತಾನಿನಲ್ಲಿ ಕಟ್ಟಡಗಳು ಹಳೆಯ ರಿಜಿಸ್ಟರುಗಳನ್ನು ಒತ್ತಿ ನಿಲ್ಲಿಸಿದ ಹಾಗೆ ಒಂದಕ್ಕೊಂದು ಆನಿಕೊಂಡಿವೆ. ಮೆಟ್ಟಿಲು ಹತ್ತುತ್ತಿದ್ದರೆ ಒಂದು ಬಾಗಿಲಿನಿಂದ ಸಾರಿನ ವಾಸನೆ, ಇನ್ನೊಂದರಿಂದ ಮೀನು, ಮತ್ತೊಂದರಿಂದ ಬಿರಿಯಾನಿ. ಬಾಗಿಲ ಮೇಲೆ ಹೆಸರು ಬೇಕಾಗಿಲ್ಲ. ಅಕ್ಕನದು ಮೂರನೇ ಮಹಡಿ, ಜೋಳದ ರೊಟ್ಟಿಯ ಬಾಗಿಲು.

ಹೋದ ದಿನ ಶನಿವಾರ. ಅಕ್ಕ ನನ್ನ ಮುಖ ನೋಡುವ ಮೊದಲು ಬಳೆ ನೋಡಿದಳು. ಸೋಮವಾರದ ಹೊತ್ತಿಗೆ ಒಂದು ಡಬ್ಬಿ ಇಟ್ಟುಕೊಂಡು ಎರಡನ್ನು ಹಂಚಿಯೂ ಆಗಿತ್ತು. ಸೋಮವಾರ ಸಂಜೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು, ಮಾಮಾನ ಜೊತೆ ಮಾಷ್ ಮನೆಗೆ ಇಳಿದೆ. ಸನ್ಮಾನಕ್ಕೆ ಹೋಗುವವನ ಗತ್ತು.

ಮಾಷ್ ತೆಳ್ಳಗಿನ ಮನುಷ್ಯ. ಇಪ್ಪತ್ತೆಂಟು ವರ್ಷ ಅಲ್ಲಿನ ಶಾಲೆಯಲ್ಲಿ ಮಲಯಾಳ ಕಲಿಸಿದವರು. ಆ ತಿಂಗಳ ಕೊನೆಗೆ ಅವರ ಇಕಾಮಾ, ಅಂದರೆ ಅಲ್ಲಿರಲು ಕೊಟ್ಟ ಪರವಾನಗಿ, ಮುಗಿಯುತ್ತಿತ್ತು. ಕೋಣೆಯಲ್ಲಿ ಅರ್ಧ ತುಂಬಿದ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಹುಡುಗರಾಗಿದ್ದಾಗ ಮಂಗಳೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು, ಪಠ್ಯಪುಸ್ತಕಕ್ಕೆ ಮಂಗಳೂರು ಒಗ್ಗರಣೆ ಹಾಕಿದ ಕನ್ನಡ.

ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆನ್ನು ಸವರಿದರು. “ಒಳ್ಳೆ ಕೆಲಸ,” ಅಂದರು. ನಾನು ಮಾಮಾನ ಕಡೆ ನೋಡಿ ಹುಬ್ಬು ಹಾರಿಸಿದೆ. ಮಾಷ್ ಪುಸ್ತಕ ತೆರೆದರು. ಒಂದು ಹಾಳೆ ತಿರುವಿದರು. ಇನ್ನೊಂದು. ಆಮೇಲೆ ಬೇಗ ಬೇಗ ಹತ್ತಿಪ್ಪತ್ತು. ಮತ್ತೆ ಮೊದಲಿನ ಹಾಳೆಗೆ ಬಂದು ನಿಂತರು.

“ಇದರ ಬದಿ ಎಲ್ಲಿ?”

ಆ ದನಿಗೆ ಕೋಣೆಯ ಎ.ಸಿ. ಕೂಡ ಸದ್ದು ತಗ್ಗಿಸಿತು ಅನಿಸಿತು. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: “ಹುಳಾ ತಿಂದಿತ್ರಿ, ಮಾಷ್.”

ಅವರು ಹಾಳೆಯ ಅಂಚಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರು. “ಹುಳ ಇಷ್ಟು ನೇರವಾಗಿ ತಿನ್ನುತ್ತದಾ?”

ಮಾಮಾ ನನ್ನ ಕಿವಿಯಲ್ಲಿ “ಖಲಾಸ್” ಅಂದ. ಮುಗಿಯಿತು ಅನ್ನುವುದಕ್ಕೆ ಅಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ನಾನು ನೆಲ ನೋಡುತ್ತ, ಕತ್ತರಿಸಿದ್ದು ನಾನೇ ಎಂದು ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಂದು ಜೋಕು ಹೊಡೆದು ತಪ್ಪಿಸಿಕೊಳ್ಳಬಹುದಿತ್ತು. ಅವರು ಬೈಯಲಿಲ್ಲ. ಕೂರಿಸಿ ಚಹಾ ಕೊಟ್ಟರು.

“ಬದಿಯಲ್ಲಿ ಬರೆದದ್ದು ನನ್ನ ಅಮ್ಮ,” ಅಂದರು. “ಅಮ್ಮನ ಅಪ್ಪ ಶಾಲೆ ಮಾಸ್ಟರು. ಮಗಳಿಗೆ ಹದಿಮೂರು ಆದಾಗ ಶಾಲೆ ಬಿಡಿಸಿದರು. ಮನೆಯಲ್ಲಿ ಇದ್ದದ್ದು ಇದೊಂದು ಪುಸ್ತಕ. ಇದನ್ನೇ ಓದಿದರು, ಮೂರು ನಾಲ್ಕು ವರ್ಷ. ಪಾದ್ರಿ ಹೇಳಿದ್ದು ಸರಿ ಕಾಣದಿದ್ದರೆ ಬದಿಯಲ್ಲಿ ಜಗಳ ಮಾಡಿದ್ದಾರೆ. ‘ನಮ್ಮ ಮನೆಯಲ್ಲಿ ಹೀಗೆ ಹೇಳುವುದಿಲ್ಲ.’ ‘ನೀವು ಯಾರ ಹತ್ತಿರ ಕೇಳಿದಿರಿ?’ ಹಾಗೆ.”

ಅವರ ಅಮ್ಮನಿಗೆ ಈಗ ಎಂಬತ್ತಾರು. ಕಣ್ಣೂರಿನ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಎರಡು ವರ್ಷದಿಂದ ಒಂದೊಂದೇ ಮರೆಯುತ್ತಿದ್ದಾರೆ.

“ನಾನು ಫೋನ್ ಮಾಡಿದರೆ ಯಾರು ಅಂತಾರೆ. ಹೆಸರು ಹೇಳಿದರೆ, ಯಾವ ಹೆಸರು ಅದು ಅಂತಾರೆ. ಆದರೆ ಶುಕ್ರವಾರ ಬೆಳಿಗ್ಗೆ ನಾನು ಪಾದ್ರಿಯ ಮಾತು ಒಂದು ಓದುತ್ತೇನೆ, ಆಮೇಲೆ ಅಮ್ಮ ಬದಿಯಲ್ಲಿ ಬರೆದದ್ದನ್ನು ಓದುತ್ತೇನೆ. ಆಗ ಅವರಿಗೆ ಸಿಟ್ಟು ಬರ್ತದೆ. ಪಾದ್ರಿಯ ಮೇಲೆ! ಹತ್ತು ನಿಮಿಷ ಜಗಳ ಮಾಡ್ತಾರೆ. ಜಗಳ ಮಾಡುವಾಗ ಮೊದಲಿನ ಅಮ್ಮನೇ.” ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದರು. “ಪುಸ್ತಕ ನಿಮ್ಮ ಊರಿಗೆ ಕಳಿಸುವ ಮೊದಲು ಹದಿನಾರು ವಾರಕ್ಕೆ ಆಗುವಷ್ಟು ಡೈರಿಯಲ್ಲಿ ಬರೆದಿಟ್ಟಿದ್ದೆ. ಮೊನ್ನೆ ಶುಕ್ರವಾರ ಕೊನೆಯದನ್ನು ಓದಿದೆ.”

ನನಗೆ ಒಂದೂ ಜೋಕು ಹೊಳೆಯಲಿಲ್ಲ. ನನ್ನ ಜೀವನದಲ್ಲಿ ಹಾಗೆ ಆದದ್ದು ಅದೇ ಮೊದಲು.

ಅಕ್ಕನ ಅಡುಗೆಮನೆ

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಕ್ಕನ ಕೈಯ ಹಸಿರು ಬಳೆ ರೊಟ್ಟಿ ಬಡಿಯುವಾಗ ಸದ್ದು ಮಾಡಿತು. ಬಳೆ, ಬಳೆಯ ಪೆಟ್ಟಿಗೆ, ಪೆಟ್ಟಿಗೆಯ ಎಳೆ, ಗೋಣಿಚೀಲ. ನಾನು ಹಾಸಿಗೆಯಿಂದ ಹಾರಿದ ರೀತಿಗೆ ಮಾಮಾನ ಚಹಾ ಚೆಲ್ಲಿತು.

“ಅಕ್ಕಾ! ಬಳಿ ಡಬ್ಬ್ಯಾಗಿನ ಕಾಗದ ಏನ್ ಮಾಡಿದಿ?”

“ಯಾಕೋ? ಅದೂ ಬೇಕೇನ್ ನಿನಗ?”

“ಒಗದಿ ಏನ? ಹೇಳ ಲಗೂನ!”

“ನಾ ಯಾವಾಗರ ಏನರ ಒಗದದ್ದು ನೋಡೀಯೇನ್?” ಎಂದು ಅಕ್ಕ ಸಿಂಕಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರು ಎಳೆದಳು. ನಮ್ಮ ಅವ್ವನ ಮಗಳು. ದಾರದ ತುಂಡು, ಖಾಲಿ ಬಾಟಲಿ, ಎಲ್ಲವೂ ಊರಿಗೆ ಹೋಗುವಾಗ ಬೇಕಾಗುತ್ತವೆಂದು ಇಟ್ಟಿರುತ್ತಾಳೆ. ಅವತ್ತು ಅವಳ ಕಾಲಿಗೆ ಬಿದ್ದೆ. “ಏನಾತೋ ನಿನಗ?” ಎಂದು ಹೆದರಿ ಹಿಂದೆ ಸರಿದಳು.

ಕವರಿನಲ್ಲಿ ಬಿಳಿ ಎಳೆಗಳೇ ಹೆಚ್ಚು, ಶಾಲೆ ನೋಟ್‌ಬುಕ್ಕಿನವು. ನಡುನಡುವೆ ಹಳದಿ. ಹಳದಿ ಎಳೆಯ ಮೇಲೆ ಇರುವೆಯ ಸಾಲಿನಂಥ ಪೆನ್ಸಿಲ್ ಅಕ್ಷರ. ಒಂದೊಂದನ್ನೇ ಆರಿಸಿ ತಟ್ಟೆಯಲ್ಲಿಟ್ಟು ಕೆಳಗೆ ಓಡಿದೆ. ಮಾಷ್ ಕನ್ನಡಕ ಹಾಕಿಕೊಂಡರು. ಒಂದು ಎಳೆಯನ್ನು ಕಿಟಕಿಗೆ ಹಿಡಿದು ಓದಿ ನಕ್ಕರು.

“ನಿಮ್ಮ ಕನ್ನಡದಲ್ಲಿ ಬಂದ, ಬಂದಳು, ಬಂದೆ ಅಂತ ಬೇರೆ ಬೇರೆ ಉಂಟಲ್ಲ? ನಮಗೆ ಎಲ್ಲದಕ್ಕೂ ಒಂದೇ, ‘ವನ್ನು’. ಬಂದದ್ದು ಯಾರು ಅಂತ ಕ್ರಿಯಾಪದ ಹೇಳುವುದಿಲ್ಲ. ಪಾದ್ರಿ ಅದನ್ನು ವಿವರಿಸಿದ್ದಾರೆ. ಅಮ್ಮ ಇಲ್ಲಿ ಬರೆದದ್ದು, ‘ಬಂದದ್ದು ಯಾರು ಅಂತ ಬಾಗಿಲಿಗೆ ಹೋಗಿಯೇ ನೋಡಬೇಕು.’”

ಆದರೆ ಅದು ಯಾವ ಪುಟದ್ದು? ಎಳೆಗಳು ಕಲಸಿಹೋಗಿದ್ದವು, ಮಾಷ್ ಕಣ್ಣು ಪೊರೆ ಬಂದ ಕಣ್ಣು, ಇಡೀ ದಿನ ಕೂತರೂ ನಾಲ್ಕು ಹೊಂದಿಸಬಹುದು ಅಷ್ಟೇ. ಆಗ ಈ ಮೂರ್ಖನಿಗೆ ಕೆಲಸ ಕಂಡಿತು. ಪುಸ್ತಕದ ಹುಳ ಪುಟ ನೋಡಿ ತಿನ್ನುವುದಿಲ್ಲ, ನೇರವಾಗಿ ಸುರಂಗ ಕೊರೆಯುತ್ತದೆ. ಪ್ರತಿ ಹಾಳೆಯಲ್ಲೂ ಅದರ ತೂತು ಹಿಂದಿನ ಹಾಳೆಗಿಂತ ಒಂದು ಕೂದಲಿನಷ್ಟು ಸರಿದಿರುತ್ತದೆ. ಎಳೆಗಳಲ್ಲಿ ಅರ್ಧ ತೂತು, ಪುಸ್ತಕದಲ್ಲಿ ಉಳಿದರ್ಧ. ಒಂದಕ್ಷರ ಓದದೆ ತೂತಿಗೆ ತೂತು ಸೇರಿಸುತ್ತ ಹೋದೆ. ಯಾವ ಹುಳಕ್ಕಾಗಿ ಕತ್ತರಿಸಿದೆನೋ ಅದೇ ಹುಳ ನನ್ನ ಮಾನ ಕಾಯಿತು. ಸಂಜೆಯ ಹೊತ್ತಿಗೆ ಅಕ್ಕನ ಪಾಲಿನದೆಲ್ಲ ತಮ್ಮ ತಮ್ಮ ಪುಟ ಸೇರಿತ್ತು. ಆದರೆ ಪುಸ್ತಕದ ಮೂರರಲ್ಲಿ ಎರಡು ಪಾಲು ಇನ್ನೂ ಬೋಳಾಗಿತ್ತು.

ಶುವೈಖ್

ಎರಡನೇ ಡಬ್ಬಿ ಹೋದದ್ದು ಹಮೀದಾಕನಿಗೆ. ಬಂಟ್ವಾಳದ ಬ್ಯಾರಿ, ಶುವೈಖಿನಲ್ಲಿ ಕಾರಿನ ಬಿಡಿಭಾಗದ ಅಂಗಡಿ, ಮಾಮಾನ ವರ್ಕ್‌ಶಾಪಿನ ಎದುರಿಗೇ. ಹೆಣ್ಣುಮಕ್ಕಳಿಗೆ ಬಳೆ ಎಂದು ಮಾಮಾ ಕೊಟ್ಟಿದ್ದ. ಬುಧವಾರ ಮಾಮಾನ ಕಂಪನಿ ಬಸ್ಸಿನಲ್ಲೇ ಹೋದೆ. ಶುವೈಖ್ ಎಂದರೆ ನಮ್ಮ ಹುಬ್ಬಳ್ಳಿಯ ಗ್ಯಾರೇಜು ಓಣಿಯನ್ನು ಯಾರೋ ಎರಡೂ ತುದಿ ಹಿಡಿದು ಆಕಾಶದ ಅಂಚಿನ ತನಕ ಎಳೆದಂತೆ. ಎಲ್ಲಿ ನೋಡಿದರೂ ಬಾನೆಟ್ ಎತ್ತಿದ ಕಾರು, ಅದರೊಳಗೆ ತಲೆ ಹಾಕಿದ ಮನುಷ್ಯ.

“ಬಳೆಗೆ ಭಾರೀ ಥ್ಯಾಂಕ್ಸ್ ಮಾರಾಯ,” ಎಂದು ಹಮೀದಾಕ ಕೈ ಹಿಡಿದರು. “ಮಕ್ಕಳು ಕೈಯಿಂದ ತೆಗೀಲೇ ಇಲ್ಲ.”

“ಅದ್ರಾಗಿನ ಕಾಗದ ಅದಾವೇನ್ರಿ?”

“ಕಾಗದವಾ? ಅದೂ ಭಾರೀ ಒಳ್ಳೇದು! ಬಳೆ ತೆಗ್ದು ಮಕ್ಕಳಿಗೆ ಕೊಟ್ಟೆ, ಡಬ್ಬಿ ಇಲ್ಲೇ ಇಟ್ಕೊಂಡೆ. ಆ ಹಳದಿದು ಉಂಟಲ್ಲ, ಎಂಥಾ ಎಣ್ಣೆ ಹೀರ್ತದೆ ಗೊತ್ತುಂಟಾ? ಬಟ್ಟೆ ಬೇಡ, ಟಿಶ್ಯೂ ಬೇಡ.” ಎಂದು ಹೇಳುತ್ತಲೇ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಒಂದು ಹಿಡಿ ಹಳದಿ ಎಳೆಯಿಂದ ಒರೆಸಿ ಡ್ರಮ್ಮಿಗೆ ಎಸೆದರು.

ನಾನು ಡ್ರಮ್ಮಿನ ಒಳಗೆ ಹೋದೆ. ಫೋಟೋದಲ್ಲಿ ಕಾಣುವುದು ಆ ಕ್ಷಣ.

“ಎಂತ ಆಯ್ತು ಇವನಿಗೆ?” ಎಂದು ಹಮೀದಾಕ ಮಾಮಾನನ್ನು ಕೇಳಿದರು. ಮಾಮಾ ನಕ್ಕು ಮುಗಿಸಿದ ಮೇಲೆ ಎಲ್ಲ ಹೇಳಿದ. ಹಮೀದಾಕನ ಮುಖ ಬದಲಾಯಿತು. ಡಬ್ಬಿಯಲ್ಲಿ ಉಳಿದಿದ್ದ ಎಳೆಯೊಂದನ್ನು ಎತ್ತಿಕೊಂಡರು. ಅವರ ಅಜ್ಜಿಯ ಮನೆ ಕಾಸರಗೋಡು, ಮಲಯಾಳ ಓದಲು ಬರುತ್ತಿತ್ತು. ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ಶಟರನ್ನು ಅರ್ಧ ಎಳೆದು, ಇಬ್ಬರು ಗಿರಾಕಿಗಳಿಗೆ ಆಮೇಲೆ ಬನ್ನಿ ಎಂದು ಕಳಿಸಿ, ಅಂಗಿಯ ತೋಳು ಮಡಚಿ ಡ್ರಮ್ಮಿನ ಆಚೆ ಬದಿ ಕೂತರು.

“ನನಗೆ ಗೊತ್ತಿರ್ಲಿಲ್ಲ ಮಾರಾಯ,” ಎಂದು ಮೂರು ಸಲ ಹೇಳಿದರು. “ಓದಲಿಕ್ಕೆ ಬರ್ತದೆ ನನಗೆ. ಆದ್ರೂ ನೋಡ್ಲಿಲ್ಲ ಅಲ್ವಾ?”

ನನಗೆ ಓದಲು ಬರದೆ ನೋಡಲಿಲ್ಲ, ಅವರಿಗೆ ಓದಲು ಬಂದೂ ನೋಡಲಿಲ್ಲ. ಇಬ್ಬರೂ ಮಧ್ಯಾಹ್ನದ ತನಕ ಕಸ ಬಗೆದೆವು. ಎಣ್ಣೆಯಲ್ಲಿ ಅದ್ದಿದ ಎಳೆಗಳಲ್ಲಿ ಕೆಲವು ಒಳ್ಳೆಯವು, ಪೆನ್ಸಿಲ್ ಎಣ್ಣೆಗೆ ಅಳಿಯುವುದಿಲ್ಲ. ಕೆಲವು ಕರಿ ಮುದ್ದೆ. ಹಿಂದಿನ ದಿನದ ಡ್ರಮ್ಮು ಬೆಳಿಗ್ಗೆಯೇ ಖಾಲಿಯಾಗಿತ್ತು. ಅದರಲ್ಲಿ ಹೋದದ್ದು ಹೋಯಿತು.

ಕುವೈತ್ ಸಿಟಿ

ಮೂರನೇ ಡಬ್ಬಿ ಅಕ್ಕನ ಗೆಳತಿ ಶೈಲಾ ವೈನಿಯ ಮನೆಗೆ ಹೋಗಿತ್ತು. ಅವರು ಬಾಗಲಕೋಟೆಯವರು, ಗಂಡ ಎಂಜಿನಿಯರು, ಸಿಟಿಯ ಹಳೆಯ ಮಾರುಕಟ್ಟೆಯ ಹಿಂದೆ ಮನೆ. ಗುರುವಾರ ಅಕ್ಕ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ದಾರಿಯಲ್ಲಿ ಗೋಪುರ, ಸಚಿವಾಲಯ, ಬ್ಯಾಂಕು ಎಲ್ಲ ತೋರಿಸಿದಳಂತೆ. ನನಗೆ ಕಂಡದ್ದು ರಸ್ತೆ ಬದಿಯ ಕಸದ ತೊಟ್ಟಿಗಳು ಮಾತ್ರ. ಅವು ಬಹಳ ಸ್ವಚ್ಛವಾಗಿವೆ ಎಂದು ಹೇಳಬಲ್ಲೆ.

ವೈನಿಯ ಮಗಳಿಗೆ ಎಂಟು ವರ್ಷ. ಅವಳು ಆ ಎಳೆಗಳಿಂದ ಶಾಲೆಗೆ ಹಕ್ಕಿಯ ಗೂಡು ಮಾಡಿದ್ದಳು. ಫೆವಿಕಾಲ್ ಹಾಕಿ, ಸುತ್ತಿ ಸುತ್ತಿ, ಬಿಳಿಯದು ಒಳಗೆ ಹಳದಿಯದು ಹೊರಗೆ. ಹತ್ತಿಯ ಎರಡು ಮೊಟ್ಟೆ. ನಾನು ಕಟ್ಟಿದ ಯಾವ ಪುಸ್ತಕವೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

“ಪುಟ್ಟಿ, ಈ ಮಾಮಾಗ ಕೊಡವಾ ಅದನ್ನ,” ಎಂದರು ವೈನಿ.

“ನೋ. ಸಂಡೇ ಸಬ್ಮಿಟ್ ಮಾಡ್ಬೇಕು. ಐ ಗಾಟ್ ಟು ಗೆಟ್ ಎ ಸ್ಟಾರ್.”

ನಾನು ನೆಲದ ಮೇಲೆ ಕೂತೆ. ಚಾಕೊಲೇಟ್, ಹೊಸ ಬಳೆ, ಧಾರವಾಡ ಪೇಡೆ ಎಲ್ಲ ಆಮಿಷ ಒಡ್ಡಿದೆ. ಒಂದೂ ನಡೆಯಲಿಲ್ಲ. ಕೊನೆಗೆ ನಿಜ ಹೇಳಿದೆ. ನಾನು ಒಂದು ಅಜ್ಜಿಯ ಪುಸ್ತಕ ಕೆಡಿಸಿದೆ, ಅಜ್ಜಿ ಬರೆದದ್ದೆಲ್ಲ ನಿನ್ನ ಗೂಡಿನಲ್ಲಿದೆ, ನಾಳೆ ಫೋನಿನಲ್ಲಿ ಅದನ್ನು ಓದಿ ಹೇಳದಿದ್ದರೆ ಅಜ್ಜಿಗೆ ಮಗ ಯಾರು ಅನ್ನುವುದೇ ಗೊತ್ತಾಗುವುದಿಲ್ಲ ಅಂದೆ.

ಹುಡುಗಿ ನನ್ನನ್ನು ದಿಟ್ಟಿಸಿ ನೋಡಿದಳು. “ಡಿಡ್ ಯೂ ಸೇ ಸಾರಿ ಟು ಹರ್?”

“ಇಲ್ಲವಾ.”

“ಯೂ ಶುಡ್.”

ಗೂಡನ್ನು ಮೊಟ್ಟೆ ಸಮೇತ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬ್ರೇಕ್ ಹಾಕಿದಾಗೆಲ್ಲ ಪಕ್ಕದ ಬಂಗಾಳಿ ಕೂಲಿಯವನೂ ತನ್ನ ಕೈ ಅಡ್ಡ ಹಿಡಿಯುತ್ತಿದ್ದ, ಒಳಗೆ ನಿಜವಾದ ಹಕ್ಕಿ ಇದೆಯೇನೋ ಎಂಬಂತೆ.

ನಮ್ಮ ಅಂಗಡಿಯ ಅಂಟು ಮೈದಾಹಿಟ್ಟಿನದು, ಒದ್ದೆ ಬಟ್ಟೆ ಇಟ್ಟರೆ ಬಿಡುತ್ತದೆ. ಫೆವಿಕಾಲ್ ಒಣಗಿದರೆ ಕಾಗದ ಬಿಟ್ಟೀತು, ಅಂಟು ಬಿಡುವುದಿಲ್ಲ. ಮಾಷ್ ಮನೆಯಲ್ಲಿ ಗೂಡಿಟ್ಟು ಇದನ್ನು ಹೇಳಿದೆ. ಅವರು ಗೂಡನ್ನು ನಿಧಾನವಾಗಿ ತಿರುಗಿಸುತ್ತ ಹೊರಗೆ ಕಂಡದ್ದನ್ನು ಓದಿದರು. ಅರ್ಧ ಪದ, ಒಂದು ಪ್ರಶ್ನೆಯ ಬಾಲ, ಮತ್ತೆ ಅರ್ಧ ಪದ.

“ಬಿಡಿಸುವುದು ಬೇಡ,” ಅಂದರು. “ಒಂದು ಸಲ ಕತ್ತರಿಸಿ ಆಯಿತು. ಇನ್ನೊಂದು ಸಲ ಹರಿಯುವುದು ಬೇಡ.”

ಶುಕ್ರವಾರ

ಬೆಳಿಗ್ಗೆ ಹತ್ತು ಗಂಟೆ. ಮಾಷ್ ಸ್ನಾನ ಮಾಡಿ ಬಿಳಿ ಮುಂಡು ಉಟ್ಟಿದ್ದರು. ಮೇಜಿನ ಮೇಲೆ ಫೋನ್ ಕಾರ್ಡು, ಪುಸ್ತಕ, ಗೂಡು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಂಚು ಪುಸ್ತಕಕ್ಕೆ ಮರಳಿತ್ತು. ತೆಳ್ಳನೆ ಅಂಟು ಹಚ್ಚಿ ಒಂದೊಂದೇ ಕೂರಿಸಿದ್ದೆ. ಅಲ್ಲಿನ ಒಣ ಗಾಳಿಗೆ ಅಂಟು ಹಚ್ಚುವ ಮೊದಲೇ ಒಣಗುತ್ತಿತ್ತು, ಬೆರಳಿಗೆ ಕಾಗದ ಅಂಟಿ ಎರಡು ಸಲ ನನ್ನನ್ನೇ ಬೈಂಡ್ ಮಾಡಿಕೊಂಡಿದ್ದೆ. ಎಣ್ಣೆಯ ಹಾಳೆಗಳು ಗ್ಯಾರೇಜಿನ ವಾಸನೆ ಬೀರುತ್ತಿದ್ದವು. ನಾನೂ ಅಕ್ಕನೂ ಗೋಡೆಗೆ ಆನಿ ನಿಂತೆವು.

ಮಾಷ್ ಸ್ಪೀಕರ್ ಹಾಕಿದರು. ತಂಗಿ ಎತ್ತಿಕೊಂಡರು, ಆಮೇಲೆ ಅಮ್ಮನ ಉಸಿರು ಕೇಳಿಸಿತು. ಮಾಷ್ ಪಾದ್ರಿಯ ಸಾಲು ಓದಿದರು, ಬಾಗಿಲಿಗೆ ಹೋಗಿ ನೋಡಬೇಕು ಎಂಬ ಅಮ್ಮನ ಮಾತು ಓದಿದರು. ಅತ್ತ ಕಡೆ ಏನೂ ಇಲ್ಲ. ಇನ್ನೊಂದು ಓದಿದರು. ಬರೀ ಉಸಿರು. ಎಣ್ಣೆಯ ಹಾಳೆಯಿಂದ ಮೂರನೆಯದು. ಅದರಲ್ಲಿ ಒಂದು ಎಳೆ ಸಿಕ್ಕಿರಲಿಲ್ಲ, ಮಾತು ನಡುವೆ ಮುರಿಯಿತು. ಮಾಷ್ ದನಿಯೂ ಅಲ್ಲೇ ನಿಂತಿತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ನೋಡಿದರು. ಆಮೇಲೆ ಫೋನಿಗೆ ಮಲಯಾಳದಲ್ಲಿ ಏನೋ ಹೇಳಿದರು. ಅದರಲ್ಲಿ ‘ಧಾರವಾಡ’ ಎಂಬುದೊಂದು ನನಗೆ ತಿಳಿಯಿತು. ಸಿಕ್ಕಿಬಿದ್ದೆ ಎಂದು ತಿಳಿಯಲು ಅಷ್ಟು ಸಾಕಿತ್ತು.

ಅತ್ತಲಿಂದ ಒಂದು ತೆಳ್ಳನೆಯ, ಚೂಪಾದ ದನಿ ಬಂತು. ಮಾಷ್ ನೆಟ್ಟಗೆ ಕೂತರು. “ಯಾರು ಕತ್ತರಿಸಿದ್ದು ಅಂತ ಕೇಳ್ತಿದ್ದಾರೆ,” ಅಂದರು. “ನೀನು ಯಾರು ಅನ್ನುವುದು ಬಿಟ್ಟು ಅವರಾಗಿ ಬೇರೆ ಪ್ರಶ್ನೆ ಕೇಳಿ ಎಷ್ಟೋ ತಿಂಗಳಾಯಿತು. ಬನ್ನಿ.”

ಅಕ್ಕ ಬೆನ್ನಿಗೆ ಒಂದು ಗುದ್ದು ಹಾಕಿದಳು. ಫೋನಿನ ಮುಂದೆ ನಿಂತು, ಎಂಟು ವರ್ಷದ ಹುಡುಗಿ ಹೇಳಿಕೊಟ್ಟದ್ದನ್ನು ಕನ್ನಡದಲ್ಲೇ ಹೇಳಿದೆ: “ಅಮ್ಮಾ, ತಪ್ಪಾತ್ರಿ. ನಾನs ಕೊಯ್ದೆ. ನೋಡದs ಕೊಯ್ದೆ.”

ಸುಮಾರು ಒಂದು ನಿಮಿಷ ಅವರು ಮಾತಾಡಿದರು. ನಾನು ಎಲ್ಲದಕ್ಕೂ ಹ್ಞೂಂ ಅಂದೆ. ನನ್ನನ್ನು ಬಹಳ ಜನ ಬಹಳ ಭಾಷೆಗಳಲ್ಲಿ ಬೈದಿದ್ದಾರೆ, ಅಷ್ಟು ಅಚ್ಚುಕಟ್ಟಾಗಿ ಯಾರೂ ಬೈದಿಲ್ಲ. ಕೊನೆಗೊಂದು ಪ್ರಶ್ನೆ.

“ಈ ಹುಡುಗನಿಗೆ ಓದಲು ಬರ್ತದಾ ಅಂತ ಕೇಳ್ತಾರೆ.”

“ಮಲಯಾಳ ಬರೂದಿಲ್ರಿ ಅಮ್ಮಾ.”

ಮಾಷ್ ಅದನ್ನು ಹೇಳಿದರು. ಅಮ್ಮ ಉತ್ತರಿಸಿದರು. ಮಾಷ್ ಅದನ್ನು ಕನ್ನಡಕ್ಕೆ ತಂದರು. “ಓದಲು ಬಾರದವನಿಗೆ ಎಲ್ಲಿ ಕತ್ತರಿಸಬಾರದು ಅಂತ ಹೇಗೆ ಗೊತ್ತಾಗಬೇಕು? ಕೂರಿಸು ಅವನನ್ನು, ಅಂತಾರೆ.”

ನಾನು ಕೂತೆ. ಫೋನಿನಿಂದ “ಅ” ಎಂದು ಬಂತು.

ನಾನು ಮಾಷ್ ಮುಖ ನೋಡಿದೆ. ಹೇಳಿ ಎಂದು ಕೈಸನ್ನೆ ಮಾಡಿದರು. “ಅ,” ಅಂದೆ. “ಆ,” ಅಂದರು ಅವರು. “ಆ,” ಅಂದೆ. ಇ, ಈ, ಉ, ಊ. ನಡುವೆ ಒಂದು ಕಡೆ ನಾನು ಅವರಿಗಿಂತ ಮುಂದೆ ಓಡಿದೆ. ನಮ್ಮ ಅಕ್ಷರಮಾಲೆಯೂ ಅದೇ ಸಾಲು ತಾನೇ! “ಮಿಡುಕ್ಕನ್!” ಎಂದು ಬಂತು. “ಜಾಣ ಹುಡುಗ ಅಂತ,” ಎಂದು ಮಾಷ್ ಪಿಸುಗುಟ್ಟಿದರು. ನನ್ನನ್ನು ಜಾಣ ಅಂದವರು ಮನೆತನದಲ್ಲಿ ಯಾರೂ ಇಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ನಗುವಿಗೆ ಎಂದುಕೊಂಡೆ. ತಿರುಗಿ ನೋಡಿದರೆ ನಗುವಿಗಲ್ಲ.

ಹದಿಮೂರಕ್ಕೆ ಶಾಲೆ ಬಿಡಿಸಿದ್ದ ಆ ಹೆಣ್ಣುಮಗಳು ಜೀವನದಲ್ಲಿ ಯಾವ ತರಗತಿಯ ಮುಂದೂ ನಿಂತವರಲ್ಲ. ಮಗನ ಹೆಸರು ಮರೆತಿದ್ದರು. ಕ, ಖ, ಗ, ಘ, ಙ ಮಾತ್ರ ಒಂದೂ ತಪ್ಪದೆ, ಒಂದೊಂದಕ್ಕೂ ನಾನು ಹೇಳುವ ತನಕ ಕಾದು, ತಪ್ಪಿದ್ದನ್ನು ಮತ್ತೆ ಹೇಳಿಸಿ ದಾಟಿಸಿದರು. ಚ ವರ್ಗ ಆಯಿತು. ಟ ವರ್ಗ ಆಯಿತು. “ಣ” ಅಂದರು. “ಣ” ಅಂದೆ. ಅಲ್ಲಿಗೆ ಫೋನ್ ಕಾರ್ಡು ಮುಗಿಯಿತು.

ಮಾಷ್ ಪೆನ್ಸಿಲ್ ತೆಗೆದುಕೊಂಡು, ಡೈರಿಯ ಮುಂದಿನ ಶುಕ್ರವಾರದ ಖಾಲಿ ಪುಟದಲ್ಲಿ ‘ತ’ ಎಂದು ಒಂದೇ ಅಕ್ಷರ ಬರೆದರು. ನನಗೂ ಓದಲು ಬರಲಿ ಎಂದು ಕನ್ನಡದಲ್ಲಿ.

ನಾನು ವಾಪಸ್ ಹೊರಡುವುದು ಗುರುವಾರ ಎಂದು ಅವರಿಗೂ ಗೊತ್ತಿತ್ತು. ತಂಗಿಯ ಮನೆಯ ನಂಬರನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಅಂಗಿಯ ಜೇಬಿಗೆ ತುರುಕಿದರು.

ಮತ್ತೆ ಧಾರವಾಡ

ಮುಂಬೈಯಿಂದ ಬಸ್ಸು ಶುಕ್ರವಾರ ಬೆಳಿಗ್ಗೆ ತಲುಪಿತು. ಅಂಗಡಿಯಲ್ಲಿ ಅಪ್ಪ, “ಏನ್ ನೋಡ್ಕೊಂಡ್ ಬಂದ್ಯೋ ಕುವೈತ್ನ್ಯಾಗ?” ಎಂದು ಕೇಳಿದ. ಆಮೇಲೆ ಹೇಳುತ್ತೇನೆಂದು ಚೀಲವನ್ನು ಕಟಿಂಗ್ ಮಷಿನ್ನಿನ ಪಕ್ಕದಲ್ಲಿ ಒಗೆದು, ಎದುರಿನ ಎಸ್.ಟಿ.ಡಿ. ಬೂತಿಗೆ ಹೋದೆ. ಮಾಷ್ ತಂಗಿ ಎತ್ತಿಕೊಂಡರು. ನನ್ನ ಹೆಸರು ಹೇಳಿದೆ, ಅವರಿಗೆ ವಿಷಯ ಗೊತ್ತಿತ್ತು ಎಂದು ಕಾಣುತ್ತದೆ, ಫೋನನ್ನು ಅಮ್ಮನ ಕಿವಿಗೆ ಹಿಡಿದರು.

ಉಸಿರು ಕೇಳಿಸಿತು. ಯಾರು ಎಂದು ಅವರು ಕೇಳಲಿಲ್ಲ.

“ತ,” ಅಂದೆ.

ಏನೂ ಇಲ್ಲ. ಗಾಜಿನಾಚೆ ರಸ್ತೆಯಲ್ಲಿ ಬಳೆಗಾರನೊಬ್ಬ ಖಾಲಿ ಗೋಣಿ ಹೆಗಲಿಗೆ ಹಾಕಿಕೊಂಡು ನಮ್ಮ ಅಂಗಡಿಯ ಕಡೆ ಹೋಗುತ್ತಿದ್ದ.

ಮತ್ತೆ ಒಂದು ಸಲ, ಸ್ವಲ್ಪ ಜೋರಾಗಿ, “ತ,” ಅಂದೆ.

“ಥ,” ಎಂದು ಬಂತು.